ಆಮೆಬೆನ್ನಿನ ಗದ್ದುಗೆ

ನಮ್ಮ ಪಡಸಾಲೆಯ ಗೋಡೆಯಲ್ಲಿ ಮಠದ ಹಿರಿಯ ಸ್ವಾಮಿಗಳ ಪಟಕ್ಕೂ ತೀರಿಹೋದ ಮಾವನವರ ಪಟಕ್ಕೂ ನಡುವೆ ಒಂದು ಕಟ್ಟಡದ ಪಟ ಇತ್ತು. ಕಾಫಿ ಬಣ್ಣಕ್ಕೆ ತಿರುಗಿದ ಹಳೇ ಫೋಟೋ. ಉದ್ದಕ್ಕೆ ಸಾಲುಗಂಬ, ಅವುಗಳ ಮೇಲೆ ಆಮೆಯ ಬೆನ್ನಿನ ಹಾಗೆ ಉಬ್ಬಿದ ಒಂದೇ ಒಂದು ಭಾರಿ ಚಾವಣಿ. ಗೋಪುರವಿಲ್ಲ, ಕಳಸವಿಲ್ಲ. ಸುತ್ತ ಬಯಲು, ಹಿಂದೆ ಬೋಳು ಗುಡ್ಡ. ಕಡೂರಿನ ನಮ್ಮ ಬೀದಿಯ ಅರ್ಧ ಜನ ಅದಕ್ಕೆ ಕೈ ಮುಗಿದಿದ್ದಾರೆ. ಅಮೆರಿಕದಲ್ಲಿ ಮಾರ್ಮನ್ ಅನ್ನುವ ಪಂಥದವರು ಎತ್ತಿನ ಗಾಡಿ ಹೊಡೆದುಕೊಂಡು ಬಂದು, ಒಂದು ಉಪ್ಪುನೀರಿನ ಸರೋವರದ ಹತ್ತಿರ ನೆಲೆ ನಿಂತಾಗ ಕಟ್ಟಿಕೊಂಡ ಪ್ರಾರ್ಥನೆಯ ಮನೆ ಅದು. ಈ ಸಂಗತಿ ನಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ನನ್ನ ಗಂಡನ ಅಣ್ಣ, ನನ್ನ ಭಾವ. ಗೊತ್ತಿದ್ದೂ ಬಾಯಿ ಬಿಡಲಿಲ್ಲ ಪುಣ್ಯಾತ್ಮ.

ನಾನು ಅಜ್ಜಂಪುರದ ಹೆಣ್ಣು. ಎಪ್ಪತ್ತರ ದಶಕದ ಮೊದಲಲ್ಲಿ ಕಡೂರಿನ ಈ ಕೊಬ್ಬರಿ ವ್ಯಾಪಾರದವರ ಮನೆಗೆ ಕಿರಿ ಸೊಸೆಯಾಗಿ ಬಂದೆ. ಆಗ ಮನೆಯಲ್ಲಿದ್ದವರು ಅತ್ತೆ, ಭಾವ, ಭಾವನ ಹೆಂಡತಿ, ಮತ್ತೆ ವ್ಯಾಪಾರಕ್ಕೆ ಅಂತ ವಾರಗಟ್ಟಲೆ ಊರೂರು ತಿರುಗುತ್ತಿದ್ದ ನನ್ನ ಯಜಮಾನರು. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಬೇಳೆ ಬೇಯಿಸುವುದರಿಂದ ಹಿಡಿದು ಅತ್ತೆಯ ಬಾಯಿಗೆ ಸಿಕ್ಕದೆ ದಿನ ತಳ್ಳುವ ತನಕ ನನಗೆ ಎಲ್ಲ ಕಲಿಸಿದವಳು ಅವಳೇ. ಅವಳ ಸೊಂಟದಲ್ಲಿ ಬೀಗದ ಕೈ ಗೊಂಚಲು ಸದಾ ಇರುತ್ತಿತ್ತು. ಕೊಬ್ಬರಿ ಕೋಣೆ, ದಿನಸಿ ಕೋಣೆ, ಬೆಳ್ಳಿ ಸಾಮಾನಿನ ಪೆಟ್ಟಿಗೆ, ಎಲ್ಲದಕ್ಕೂ ಅವಳೇ ಒಡತಿ. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಗೊಂಚಲು, ಮತ್ತೆ ನಡುಮನೆಯ ಪಕ್ಕದ ಒಂದು ಕೋಣೆ. ಅವೆರಡು ಹೋದರೆ ತಾನು ಆ ಮನೆಯಲ್ಲಿ ಯಾರೂ ಅಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾವನಿಗೆ ಹಳೇ ಸಾಮಾನಿನ ಹುಚ್ಚು. ಎಲ್ಲಿ ಹರಾಜು ಅಂದರೂ ಪಂಚೆ ಎತ್ತಿ ಕಟ್ಟಿ ಹೊರಡುತ್ತಿದ್ದರು. ಒಮ್ಮೆ ಲಿಂಗದಹಳ್ಳಿಯ ಮೇಲೆ, ಗುಡ್ಡದ ಕಡೆ ಒಂದು ಹಳೇ ಬಂಗಲೆ ಖಾಲಿ ಮಾಡುತ್ತಾರೆ ಅಂತ ಸುದ್ದಿ ಬಂತು. ತೇಗದ ಮಂಚ ತರುತ್ತೇನೆ ಅಂತ ಹೋದವರು ಮಂಚದ ಜೊತೆಗೆ ಒಂದು ಮರದ ಡಬ್ಬಿಯನ್ನೂ ಹೊತ್ತು ತಂದರು. ಅದರೊಳಗೆ ದಪ್ಪ ರಟ್ಟಿನ ಕಾರ್ಡುಗಳು. ಒಂದೊಂದು ಕಾರ್ಡಿನ ಮೇಲೂ ಒಂದೇ ಥರದ ಎರಡು ಫೋಟೋ ಅಕ್ಕಪಕ್ಕ ಅಂಟಿಸಿದ್ದರು. ಕಣ್ಣಿಗೆ ಹಿಡಿದುಕೊಳ್ಳಲು ಹಿಡಿಯಿದ್ದ ಒಂದು ಗಾಜಿನ ಯಂತ್ರವೂ ಇತ್ತು. ಕಾರ್ಡನ್ನು ಅದಕ್ಕೆ ಸಿಕ್ಕಿಸಿ ನೋಡಿದರೆ ಎರಡು ಚಿತ್ರ ಸೇರಿ ಒಂದಾಗಿ, ಕಂಬದ ಹಿಂದೆ ಜಾಗ, ಜಾಗದ ಹಿಂದೆ ಗುಡ್ಡ, ಎಲ್ಲಾ ಬೇರೆ ಬೇರೆಯಾಗಿ ಎದ್ದು ನಿಲ್ಲುತ್ತಿದ್ದವು. ಮೊದಲ ಸಲ ನೋಡಿದಾಗ ಒಳಗೆ ಕೈ ಚಾಚಿದೆ. ಅಕ್ಕ ಬಿದ್ದೂ ಬಿದ್ದೂ ನಕ್ಕಳು.

ಒಂದು ಕಾರ್ಡಿನಲ್ಲಿ ಅರ್ಧ ಕಟ್ಟಿದ ಕಲ್ಲಿನ ಗೋಡೆ, ಆಳುದ್ದದ ಕಲ್ಲುಗಳು ಕೆಳಗೆ ಬಿದ್ದಿದ್ದವು, ಮೇಲೆ ಮರದ ಸಾರವೆ. ಇನ್ನೊಂದರಲ್ಲಿ ಜೋಡಿ ಜೋಡಿ ಎತ್ತು ಹೂಡಿ ಒಂದೇ ಒಂದು ಬಂಡೆ ಎಳೆದು ತರುತ್ತಿದ್ದಾರೆ. ಮತ್ತೊಂದರಲ್ಲಿ ಹಸಿ ಇಟ್ಟಿಗೆಯ ಪುಟ್ಟ ಪ್ರಾರ್ಥನೆಯ ಮನೆ, ಬಾಗಿಲಲ್ಲಿ ಉದ್ದ ಲಂಗದ ಹೆಂಗಸರು. ಅವರಲ್ಲೊಬ್ಬಳು ಫೋಟೋ ತೆಗೆಯುವಾಗ ತಲೆ ಆಡಿಸಿರಬೇಕು, ಅವಳಿಗೆ ಮುಖವೇ ಇರಲಿಲ್ಲ, ಬರೀ ಮಸುಕು. ಆ ಹೆಂಗಸನ್ನು ಅಕ್ಕ ತಿರುಗಿ ತಿರುಗಿ ನೋಡುತ್ತಿದ್ದಳು. "ಪಾಪ ಕಣೇ, ಎಲ್ರೂ ಇದಾರೆ, ಇವ್ಳೊಬ್ಳಿಗೇ ಮುಖ ಇಲ್ಲ," ಅನ್ನುತ್ತಿದ್ದಳು.

ಆಮೆಬೆನ್ನಿನ ಕಾರ್ಡು ಕೈಗೆ ಬಂದಾಗ ಅತ್ತೆ ಯಂತ್ರವನ್ನು ಕಣ್ಣಿಗೆ ಹಿಡಿದವರು ಇಳಿಸಲೇ ಇಲ್ಲ. ನಮ್ಮ ಕಡೆ ಗುರುಗಳು ಲಿಂಗೈಕ್ಯರಾದರೆ ಅವರ ಸಮಾಧಿಯ ಮೇಲೆ ಗದ್ದುಗೆ ಕಟ್ಟುತ್ತಾರೆ. ಅದಕ್ಕೆ ಹರಕೆ ಹೊತ್ತು ನಡೆದುಕೊಳ್ಳುತ್ತಾರೆ, ಅದನ್ನು ಮುಟ್ಟಿ ಆಣೆ ಮಾಡುತ್ತಾರೆ. ಗದ್ದುಗೆ ಮುಟ್ಟಿ ಆಡಿದ ಮಾತಿಗೆ ತಪ್ಪುವ ಮನುಷ್ಯ ನಮ್ಮ ಅತ್ತೆಯ ಲೆಕ್ಕದಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವರು ಯಂತ್ರ ಕೆಳಗಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡರು.

"ಇದು ಗದ್ದುಗೆ ಕಣೋ! ಯಾರೋ ಬಾಳ ದೊಡ್ಡ ಗುರುಗಳ್ದು. ನೋಡು, ಮ್ಯಾಲೆ ಹೆಂಗೆ ದುಂಡಗೆ ಮುಚ್ಚವ್ರೆ."

"ಇರ್ಬೋದು ಕಣವ್ವ," ಅಂದರು ಭಾವ. ಅವರಿಗೂ ಆಗ ಗೊತ್ತಿರಲಿಲ್ಲ. ಕಾರ್ಡಿನ ಕೆಳಗಂಚಿನ ಪಟ್ಟಿಯಲ್ಲೂ ಹಿಂದೆಯೂ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಬರಹ ಇತ್ತು, ಅದನ್ನು ಓದುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿಕೊಂಡು ಬಾ ಅಂತ ಅತ್ತೆ ಹಟ ಹಿಡಿದರು. ಭಾವ ತರೀಕೆರೆಯ ಫೋಟೋ ಸ್ಟುಡಿಯೋಗೆ ಹೋದರು. ಸ್ಟುಡಿಯೋದವನು ಓದಿದವನು, ಹಿಂದಿನ ಬರಹ ಪೂರಾ ಓದಿ ಹೇಳಿದನಂತೆ. ಇಂಥ ಊರು, ಇಂಥ ಪಂಥ, ಇದು ಅವರ ಪ್ರಾರ್ಥನೆಯ ಮನೆ, ಆ ಕಾಲಕ್ಕೆ ಅವರಲ್ಲಿ ಗಂಡಸು ಒಂದಕ್ಕಿಂತ ಹೆಚ್ಚು ಮದುವೆ ಆಗಬಹುದಿತ್ತು, ಆಮೇಲೆ ಆ ಪದ್ಧತಿಯನ್ನು ಅವರೇ ಕೈಬಿಟ್ಟರು. ಕೈಬಿಟ್ಟದ್ದು ಭಾವನ ಕಿವಿಗೆ ಬಿದ್ದಿತೋ ಇಲ್ಲವೋ, ಮೊದಲಿನ ಮಾತಂತೂ ಬಿದ್ದಿತ್ತು. ಇಬ್ಬರೂ ಸೇರಿ ಬೇಕಾದಷ್ಟು ನಕ್ಕಿದ್ದಾರೆ. ಇದನ್ನೆಲ್ಲ ಆಮೇಲೆ ಭಾವನೇ ತಮ್ಮ ಬಾಯಿಂದ ಹೇಳಿದರು, ಯಾವಾಗ ಹೇಳಿದರು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಪಟ ಮನೆಗೆ ಬಂತು. ಬಂಗಾರ ಬಣ್ಣದ ಕಟ್ಟು, ಕೆಳಗಿನ ಇಂಗ್ಲಿಷ್ ಪಟ್ಟಿ ಕತ್ತರಿಸಿ ತೆಗೆದಿತ್ತು.

"ಯಾವ ಗುರುಗಳ್ದಂತಪ್ಪಾ?" ಅತ್ತೆ ಕೇಳಿದರು.

"ಬಾಳ ದೂರದ್ದಂತೆ ಕಣವ್ವ. ಅಲ್ಲೋರು ಬಾಳ ನಡ್ಕತಾರಂತೆ," ಅಂದರು ಭಾವ, ಮುಖದಲ್ಲಿ ಒಂದು ಗೆರೆ ಅಲುಗದ ಹಾಗೆ.

ನಮ್ಮ ಮನೆಯಲ್ಲಿ ಸೋಮವಾರ ಪಟ ಒರೆಸುವ ದಿನ. ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಒಂದೊಂದು ಹೂ ಸಿಕ್ಕಿಸಬೇಕು. ಅದು ಅಕ್ಕನ ಕೆಲಸ. ಅವಳು ಸ್ವಾಮಿಗಳ ಪಟ, ಗದ್ದುಗೆಯ ಪಟ, ಮಾವನವರ ಪಟ, ಇದೇ ಕ್ರಮದಲ್ಲಿ ಭಕ್ತಿಯಿಂದ ಮಾಡುತ್ತಿದ್ದಳು. ಬೀದಿಯ ಹೆಂಗಸರು ಬಂದರು, ನೋಡಿದರು, ಕೈ ಮುಗಿದರು. ಒಬ್ಬಾಕೆ ಮಗಳಿಗೆ ಗಂಡು ಸಿಗಲಿ ಅಂತ ಹರಕೆ ಹೊತ್ತಳು, ಗಂಡೂ ಸಿಕ್ಕಿತು. ಇನ್ನು ಕೇಳಬೇಕೇ? ಅತ್ತೆ ಆ ಪಟದ ಕೆಳಗೆ ಒಂದು ದೀಪವನ್ನೂ ಇಟ್ಟರು.

ಅಷ್ಟು ಹೊತ್ತಿಗೆ ನನಗೆ ಎರಡನೆಯದೂ ಹೆಣ್ಣಾಯಿತು. ಮನೆಗೆ ಗಂಡು ಬೇಕು ಅನ್ನುವ ಮಾತು ಅತ್ತೆಯ ಬಾಯಲ್ಲಿ ಶುರುವಾಯಿತು. ಬಂಜೆ ಅನ್ನುವುದನ್ನು ಅವರು ಬೈಗುಳದ ಹಾಗೆ ಅನ್ನುತ್ತಿರಲಿಲ್ಲ, ಹೆಸರಿನ ಹಾಗೆ ಕರೆಯುತ್ತಿದ್ದರು. "ಬಂಜೆ, ನೀರು ತತ್ತಾ. ಬಂಜೆ, ಎಲೆ ಹಾಕು." ಅಕ್ಕ ನೀರು ತರುತ್ತಿದ್ದಳು, ಎಲೆ ಹಾಕುತ್ತಿದ್ದಳು. ಭಾವ ಅನ್ನ ಕಲಸಿಕೊಂಡು ಉಣ್ಣುತ್ತಿದ್ದರು. ನನಗೆ ಕೈಯಲ್ಲಿದ್ದ ಸೌಟು ಎತ್ತಿ ಬಿಸಾಡುವಷ್ಟು ಸಿಟ್ಟು ಬರುತ್ತಿತ್ತು, ಬಿಸಾಡುವ ಧೈರ್ಯ ಇರಲಿಲ್ಲ.

ಕೊನೆಗೆ ಭಾವನಿಗೆ ಎರಡನೆಯ ಮದುವೆ ಮಾಡಲು ಅಮೃತಾಪುರದ ಒಂದು ಬಡವರ ಮನೆಯ ಹುಡುಗಿಯನ್ನು ನೋಡಿದ್ದೇವೆ ಅಂದರು ಅತ್ತೆ. ಕಾನೂನು ಇತ್ತು, ಇಲ್ಲ ಅಂತ ನಾನು ಹೇಳುವುದಿಲ್ಲ, ಆದರೆ ಅದು ನಮ್ಮ ಪಡಸಾಲೆಯ ಹೊಸಿಲು ದಾಟಿ ಒಳಗೆ ಬರುತ್ತಿರಲಿಲ್ಲ. ನಮ್ಮವರಲ್ಲಿ ಬೇರೆ ಒಂದು ರೂಢಿ ಇತ್ತು. ಮೊದಲನೆಯವಳು ತಾನೇ ಹೋಗಿ ಹೆಣ್ಣು ಕೇಳಬೇಕು. ಅವಳು ಬಾಯಿಬಿಟ್ಟು ಕೇಳಿದರೆ ಹೆಣ್ಣಿನವರು ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ. ಅಂದರೆ ಕೊರಳು ಕೊಡುವವಳೇ ಕತ್ತಿಯನ್ನೂ ತಂದುಕೊಡಬೇಕು.

ಅಕ್ಕ ಒಪ್ಪಲಿಲ್ಲ. ಅತ್ತೆ ಊಟ ಬಿಟ್ಟರು, ಭಾವ ಮಾತು ಬಿಟ್ಟರು. ಕೊನೆಗೆ ಅತ್ತೆಯ ತಮ್ಮ, ಸಖರಾಯಪಟ್ಟಣದ ಮಾವ, ಪಂಚಾಯ್ತಿ ಮಾಡಲು ಬಂದರು. ಒಳ್ಳೆಯ ಮನುಷ್ಯ, ಅದರ ಜೊತೆಗೆ ಸ್ವಲ್ಪ ಮಂಕು. ಪಡಸಾಲೆಯಲ್ಲಿ ಎಲ್ಲರೂ ಕೂತರು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಹೇಳಿದಳು:

"ಆಯ್ತು, ಕೇಳ್ಕಂಡು ಬತ್ತೀನಿ. ಆದ್ರೆ ಬೀಗದ ಕೈ ನನ್ನತ್ರಾನೇ ಇರ್ಬೇಕು, ನನ್ನ ಕೋಣೆ ನಂಗೇ ಇರ್ಬೇಕು. ಹಂಗಂತ ಮಠಕ್ಕೆ ಬಂದು ಗದ್ದುಗೆ ಮುಟ್ಟಿ ಹೇಳ್ಲಿ ಇವ್ರು."

ಮಠ ಅಂದ ಕೂಡಲೇ ಭಾವನ ಮುಖ ಸಣ್ಣಗಾಯಿತು. ಒಂದು ಕ್ಷಣ ಅಷ್ಟೇ. ಆಮೇಲೆ ಎದ್ದರು.

"ಮಠಕ್ಕ್ಯಾಕೆ ಹೋಗ್ಬೇಕು? ಗದ್ದುಗೆ ಇಲ್ಲೇ ಐತಲ್ಲ," ಅಂತ ಹೇಳಿ, ಗೋಡೆಯ ಹತ್ತಿರ ಹೋಗಿ ಆ ಆಮೆಬೆನ್ನಿನ ಪಟದ ಮೇಲೆ ಅಂಗೈ ಊರಿದರು. "ಈ ಗದ್ದುಗೆ ಆಣೆ. ಬೀಗದ ಕೈ ಇವ್ಳದೇ, ಕೋಣೆ ಇವ್ಳದೇ. ಇವ್ಳ ಕಣ್ಣಲ್ಲಿ ನೀರು ಬರದಂಗೆ ನೋಡ್ಕತೀನಿ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಂಬಿದಳು. ನಾನೂ ನಂಬಿದೆ. ಸಖರಾಯಪಟ್ಟಣದ ಮಾವ, "ಇನ್ನೇನವ್ವ ಬೇಕು ನಿಂಗೆ, ಗದ್ದುಗೆ ಮುಟ್ಟಿದಾನೆ," ಅಂದರು. ಒಬ್ಬಟ್ಟಿನ ಊಟವಾಯಿತು.

ಅಮೃತಾಪುರಕ್ಕೆ ಅಕ್ಕನ ಜೊತೆ ನಾನೇ ಹೋದೆ. ತರೀಕೆರೆಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ದಾರಿಯುದ್ದಕ್ಕೂ ಅವಳು ಮಡಿಲಲ್ಲಿ ಹೂವು ಹಣ್ಣಿನ ಚೀಲ ಹಿಡಿದು ಕೂತಿದ್ದಳು. ಆ ಮನೆಯವರು ಚಾಪೆ ಹಾಸಿದರು. ಹುಡುಗಿಗೆ ಇಪ್ಪತ್ತೂ ಇರಲಿಲ್ಲವೇನೋ, ನಮ್ಮನ್ನು ಕಂಡು ಕಂಬದ ಹಿಂದೆ ನಿಂತಳು. ಅಕ್ಕ ಅವಳನ್ನು ಕರೆದು ಹಣೆಗೆ ಕುಂಕುಮ ಇಟ್ಟಳು. "ನನ್ನ ಗಂಡಂಗೆ ನಿಮ್ಮ ಹುಡುಗೀನ ಕೊಡ್ರಿ. ನನ್ನ ತಂಗಿ ಥರ ನೋಡ್ಕತೀನಿ," ಅಂದಳು. ಹುಡುಗಿಯ ತಾಯಿ ಅತ್ತಳು. ವಾಪಸು ಬರುವಾಗ ನಾನು, "ಅಕ್ಕಾ, ಇಷ್ಟು ದೂರ ಬಂದಿದೀವಿ, ಇಲ್ಲಿ ಗುಡಿ ನೋಡ್ಕಂಡು ಹೋಗಾಣ," ಅಂದೆ.

"ನಮ್ಮನೆ ಗೋಡೆ ಮೇಲೈತಲ್ಲ ಗದ್ದುಗೆ, ಅದು ಸಾಕು ನಂಗೆ," ಅಂದಳು.

ಮದುವೆ ಸದ್ದಿಲ್ಲದೆ ಮುಗಿಯಿತು. ಒಂದೂವರೆ ವರ್ಷ ಎಲ್ಲ ನೆಟ್ಟಗಿತ್ತು. ಆಮೇಲೆ ಹುಡುಗಿಗೆ ಗಂಡು ಮಗುವಾಯಿತು. ತೊಟ್ಟಿಲು ತೂಗಿದ ಮಾರನೆಯ ದಿನ ನೆಂಟರೆಲ್ಲ ಹೊರಟುಹೋದ ಮೇಲೆ, ಅತ್ತೆ ಅಕ್ಕನ ಎದುರು ಕೈ ಚಾಚಿದರು.

"ಬೀಗದ ಕೈ ಕೊಡು. ಮಗ ಹೆತ್ತೋಳಿಗೆ ಕೊಡ್ಬೇಕು ಅದು. ಕೋಣೆನೂ ಬಿಟ್ಕೊಡು, ಕೂಸಿಗೆ ಗಾಳಿ ಬೇಕು. ನೀನು ಕೊಬ್ಬರಿ ಕೋಣೇಲಿ ಮಲಕ್ಕೋ."

ಅಕ್ಕ ಅತ್ತೆಯ ಕಡೆ ನೋಡಲೇ ಇಲ್ಲ. ಭಾವನ ಕಡೆ ತಿರುಗಿ, "ನೀವು ಗದ್ದುಗೆ ಮುಟ್ಟಿ ಹೇಳಿದೀರ ಕಣ್ರೀ," ಅಂದಳು. ಅಷ್ಟೇ ಮಾತು. ಹಿಡಿದ ಹಗ್ಗ ಗಟ್ಟಿಯಾಗಿದೆ ಅಂತ ಗೊತ್ತಿರುವವರ ಧೈರ್ಯ ಅವಳ ಮುಖದಲ್ಲಿತ್ತು.

ಭಾವ ನಕ್ಕರು. ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಮಂಚದ ಮೇಲೆ ಕಾಲಾಡಿಸುತ್ತಾ ಕೂತವರು, ಎಲೆಯಡಿಕೆ ಕವಳವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿ ಹೇಳಿದರು:

"ಯಾವ ಗದ್ದುಗೆಯೇ? ಅದು ಅಮೇರಿಕದೋರ ಪ್ರಾರ್ಥನೆ ಮನೆ ಕಣೇ, ಕ್ರಿಸ್ತನ ಜನದ್ದು. ತರೀಕೆರೆ ಸ್ಟುಡಿಯೋದೋನು ಅವತ್ತೇ ಓದಿ ಹೇಳಿದ್ದ. ಆ ಕಾಲಕ್ಕೆ ಅಲ್ಲಿ ಗಂಡಸ್ರು ಎರಡು ಮೂರು ಕಟ್ಕಂತಿದ್ರಂತೆ. ಅಂಥ ಜಾಗ ಮುಟ್ಟಿ ನಿಂಗೆ ಮಾತು ಕೊಟ್ನಲ್ಲ ಅಂತ ನಂಗೆ ಅವತ್ತು ಎಷ್ಟು ನಗು ಬಂದಿತ್ತು ಗೊತ್ತಾ? ತಡ್ಕಂಡು ತಡ್ಕಂಡು ಹೊಟ್ಟೆ ನೋವು ಬಂದಿತ್ತು."

ಅಕ್ಕ ಗೋಡೆಯ ಕಡೆ ನೋಡಿದಳು. ಆ ದಿನ ಸೋಮವಾರ, ಬೆಳಗ್ಗೆ ತಾನೇ ಎಳೆದ ವಿಭೂತಿ ಗಾಜಿನ ಮೇಲೆ ಇನ್ನೂ ಹಸಿಯಾಗಿತ್ತು. ಅತ್ತೆಗೆ ಮಗನ ಮೋಸ ಮೋಸ ಅನ್ನಿಸಲಿಲ್ಲ, ಇಷ್ಟು ವರ್ಷ ತಾವು ಯಾವುದಕ್ಕೋ ದೀಪ ಹಚ್ಚಿದೆವಲ್ಲ ಅನ್ನುವುದೇ ಸಂಕಟವಾಯಿತು. "ಅಯ್ಯೋ ಶಿವನೇ! ಊರೋರಿಗೆ ಗೊತ್ತಾದ್ರೆ ಮುಖಕ್ಕೆ ಉಗೀತಾರೆ. ಯಾರೂ ಹೊರಗೆ ಬಾಯಿ ಬಿಡಂಗಿಲ್ಲ, ಪಟಾನೂ ತೆಗೆಯಂಗಿಲ್ಲ. ತೆಗೆದ್ರೆ ಯಾಕೆ ತೆಗೆದ್ರಿ ಅಂತ ಕೇಳ್ತಾರೆ," ಅಂದರು. ಹುಡುಗಿ ಕೂಸನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಅಕ್ಕ ಸೊಂಟದಿಂದ ಗೊಂಚಲು ಬಿಚ್ಚಿ ಅವಳ ಪಕ್ಕದಲ್ಲಿ ಇಟ್ಟಳು. ಅಳಲಿಲ್ಲ, ಅದಕ್ಕೇ ನನಗೆ ಇನ್ನೂ ಭಯವಾಯಿತು.

ಕೊಬ್ಬರಿ ಕೋಣೆ ಹಿತ್ತಿಲ ಕಡೆಗಿತ್ತು. ಕಿಟಕಿಯಿಲ್ಲ, ಮೇಲೊಂದು ಗವಾಕ್ಷಿ. ಕಮಟು ಎಣ್ಣೆಯ ವಾಸನೆ, ಹೆಗ್ಗಣದ ಕಾಟ. ಅಕ್ಕ ಅಲ್ಲಿ ಏಳೆಂಟು ವರ್ಷ ಮಲಗಿದಳು. ಅವಳ ಸೀರೆ, ಕೂದಲು ಎಲ್ಲ ಅದೇ ವಾಸನೆ. ಭಾವ ಊಟಕ್ಕೆ ಕೂತಾಗ ಅವಳು ಬಡಿಸಲು ಬಗ್ಗಿದರೆ, "ದೂರ ನಿಂತ್ಕಳೇ, ಗಬ್ಬು ನಾತ," ಅನ್ನುತ್ತಿದ್ದರು. ಆ ಕೋಣೆಗೆ ಕಳಿಸಿದವರು ಇವರೇ, ಬಾಯಿಗೆ ಹುಳ ಬೀಳಲಿಲ್ಲ ನೋಡಿ. ಆದರೂ ಸೋಮವಾರ ಬಂದರೆ ಅವಳು ಪಟ ಒರೆಸುವುದನ್ನು ಬಿಡಲಿಲ್ಲ. ಮೂರಕ್ಕೂ ವಿಭೂತಿ, ಮೂರಕ್ಕೂ ಹೂ. ನನಗೆ ತಡೆಯಲಾಗದೆ ಒಂದು ದಿನ ಕೇಳಿದೆ.

"ಅದಕ್ಯಾಕಕ್ಕಾ ಇನ್ನೂ ವಿಭೂತಿ?"

"ಆ ಜನ ಪಾಪ, ಅಷ್ಟು ದೂರದಿಂದ ಕಲ್ಲು ಎಳೆದು ತಂದು ಅವ್ರ ದೇವ್ರಿಗೆ ಕಟ್ಟವ್ರೆ. ಅವ್ರೇನು ಮಾಡಿದ್ರು ನಂಗೆ?" ಅಂದಳು. ಸ್ವಲ್ಪ ಹೊತ್ತು ಗಾಜು ಉಜ್ಜಿ, "ಅದೂ ಅಲ್ದೆ, ಈ ಪಟ ಬೇಕಾಗುತ್ತೆ ಕಣೇ," ಅಂದಳು.

ಎಂಬತ್ತರ ದಶಕದ ನಡುವೆ ಅತ್ತೆ ತೀರಿಕೊಂಡರು. ಅದಾದ ಮೇಲೆ ಒಂದು ದಿನ ಬೆಳಗ್ಗೆ ಭಾವ ಬಚ್ಚಲಲ್ಲಿ ಬಿದ್ದರು. ಲಕ್ವ ಹೊಡೆದಿತ್ತು. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು, ಬುದ್ಧಿ ಮಾತ್ರ ನೆಟ್ಟಗಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಹುಡುಗಿ ಹದಿನೈದು ದಿನ ಆರೈಕೆ ಮಾಡಿದಳು. ಅವಳನ್ನೂ ಅವರು ಬೈಗುಳದಲ್ಲೇ ಸಾಕಿದ್ದರು, ಎಲ್ಲಿಂದ ಬರಬೇಕು ಪ್ರೀತಿ? ಹದಿನಾರನೆಯ ದಿನ ಗೊಂಚಲು ತಂದು ಅಕ್ಕನ ಕಾಲ ಹತ್ತಿರ ಇಟ್ಟು, "ಅಕ್ಕಾ, ನನ್ ಕೈಲಾಗಲ್ಲ. ನೀನೇ ನೋಡ್ಕೋ, ನನ್ನೂ ಮಗೂನೂ ನೀನೇ ನೋಡ್ಕೋ," ಅಂದಳು.

ಅಕ್ಕ ಗೊಂಚಲು ಸೊಂಟಕ್ಕೆ ಸಿಕ್ಕಿಸಿದಳು. ಅವತ್ತೇ ಭಾವನ ಮಂಚವನ್ನು ಕೊಬ್ಬರಿ ಕೋಣೆಗೆ ಹಾಕಿಸಿದಳು. "ಮಗೂಗೆ ಗಾಳಿ ಬೇಕು," ಅಂದಳು. ಪಡಸಾಲೆಯ ಪಟ ಇಳಿಸಿ ತಂದು ಅವರ ಕಣ್ಣಿಗೆ ನೇರ ಕಾಣುವ ಹಾಗೆ ಎದುರು ಗೋಡೆಗೆ ತೂಗುಹಾಕಿದಳು. ಹಾಸಿಗೆ ಒದ್ದೆಯಾದರೆ ಒದ್ದೆಯಾಗಿಯೇ ಇರುತ್ತಿತ್ತು. ಅವರು ಗಂಟಲಲ್ಲಿ ಸದ್ದು ಮಾಡಿದರೆ ಬಾಗಿಲಲ್ಲಿ ನಿಂತು, "ಗಬ್ಬು ನಾತ," ಅಂತ ಹೇಳಿ ಹೋಗುತ್ತಿದ್ದಳು. ಅದಕ್ಕಿಂತ ಹೆಚ್ಚು ಒಂದು ಮಾತು ಆಡುತ್ತಿರಲಿಲ್ಲ.

ಸುದ್ದಿ ತಿಳಿದು ಸಖರಾಯಪಟ್ಟಣದ ಮಾವ ಮಗನ ಜೊತೆ ಬಂದರು. ಅವರು ಬರುವ ಹೊತ್ತಿಗೆ ಹಾಸಿಗೆ ಬದಲಾಗಿತ್ತು, ಊದುಬತ್ತಿ ಹಚ್ಚಿತ್ತು. ಆದರೂ ಸೋದರಳಿಯ ಕಡ್ಡಿಯಾಗಿರುವುದನ್ನು ನೋಡಿ ಮಾವ ಮಂಚದ ಅಂಚಿಗೆ ಕೂತು ಅವರ ತಲೆ ಸವರಿದರು. "ನಿಮಗೆ ಕಷ್ಟ ಆಗುತ್ತೆ ಕಣವ್ವಾ. ನಮ್ಮೂರಿಗೆ ಕರ್ಕಂಡೋಗ್ತೀನಿ. ನಮ್ಮನೇಲಿ ಗಂಡಾಳು ಅವ್ರೆ, ಎತ್ತಿ ಇಳಿಸಿ ಮಾಡ್ತಾರೆ," ಅಂದರು.

ಭಾವ ಆ ಮಾತು ಕೇಳಿದ್ದೇ ತಡ, ಎಡಗೈ ಎತ್ತಿ ಮಾವನ ಅಂಗಿ ಹಿಡಿದುಕೊಂಡರು. ಬಾಯಿಂದ ಆ, ಆ ಅಂತ ಸದ್ದು. ಕರೆದುಕೊಂಡು ಹೋಗು ಅನ್ನುತ್ತಿದ್ದಾರೆ ಅಂತ ನನಗೆ ತಿಳಿಯಿತು, ಹುಡುಗಿಗೆ ತಿಳಿಯಿತು. ಅಕ್ಕನಿಗಂತೂ ಎಲ್ಲರಿಗಿಂತ ಮೊದಲೇ ತಿಳಿದಿತ್ತು.

ಅವಳು ಸೆರಗು ತಲೆ ತುಂಬ ಹೊದ್ದುಕೊಂಡು ಗೋಡೆಯ ಹತ್ತಿರ ಹೋದಳು. ಪಟದ ಮೇಲೆ ಅಂಗೈ ಊರಿದಳು.

"ಈ ಗದ್ದುಗೆ ಆಣೆ ಮಾವ. ಹೊತ್ತೊತ್ತಿಗೆ ಗಂಜಿ ಕೊಡ್ತೀನಿ, ಹಾಸಿಗೆ ಒಣಗಿಸಿ ಇಟ್ಟಿರ್ತೀನಿ. ಇವ್ರ ಕಣ್ಣಲ್ಲಿ ನೀರು ಬರದಂಗೆ ನೋಡ್ಕತೀನಿ."

ಹೇಳುವಾಗ ಅವಳು ಮಾವನನ್ನು ನೋಡುತ್ತಿರಲಿಲ್ಲ, ಗಂಡನನ್ನೇ ನೋಡುತ್ತಿದ್ದಳು. ಭಾವನ ಕೈ ಮಾವನ ಅಂಗಿಯಿಂದ ಜಾರಿತು. ಕಣ್ಣಿಂದ ನೀರು ಕಿವಿಯ ತನಕ ಇಳಿಯಿತು.

"ನೋಡೋ, ಗದ್ದುಗೆ ಮುಟ್ಟಿದಾಳೆ," ಅಂದರು ಮಾವ, ತಾವೂ ಕಣ್ಣೊರೆಸಿಕೊಳ್ಳುತ್ತಾ. "ಸಂತೋಷಕ್ಕೆ ಅಳ್ತಾವ್ನೆ ನನ್ನ ಅಳಿಯ. ಇಂಥ ಹೆಂಡ್ತಿ ಸಿಗಕ್ಕೆ ಪುಣ್ಯ ಮಾಡಿದ್ದೆ ಕಣೋ ನೀನು."

ನಾನು ಬಾಗಿಲಲ್ಲೇ ನಿಂತಿದ್ದೆ. ಅಯ್ಯೋ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸುವುದಿಲ್ಲ. ಅಕ್ಕ ಹೊರಗೆ ಬಂದು, ಮಾವನಿಗೆ ಎಲೆ ಹಾಕು ಅಂದಳು, ಹಾಕಿದೆ. ಅವರು ಹೊಟ್ಟೆ ತುಂಬ ಉಂಡು, ಮಧ್ಯಾಹ್ನದ ಬಸ್ಸಿಗೆ ನೆಮ್ಮದಿಯಾಗಿ ಹೊರಟರು. ಭಾವನಿಗೆ ಅಂತ ಕಾಯಿಸಿದ ಗಂಜಿ ಸಂಜೆಯವರೆಗೂ ಒಲೆಯ ಪಕ್ಕದಲ್ಲೇ ಇತ್ತು, ಆಮೇಲೆ ಅಕ್ಕ ಅದನ್ನು ಎತ್ತಿ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು.